ಶುದ್ಧ ಬೆಳ್ಳಿಯೂ ಮಲೆನಾಡಿನ ತೇವವೂ

ನನ್ನ ಸಂಗ್ರಹದ ಬೆಳ್ಳಿ ನಾಣ್ಯಗಳಲ್ಲಿ ಅತ್ಯಂತ ಶುದ್ಧವಾದದ್ದು ಯಾವುದೋ, ನೋಡಲು ಅತ್ಯಂತ ಕಳೆಗೆಟ್ಟದ್ದೂ ಅದೇ. ಕೆನಡಾದ ಟಂಕಸಾಲೆಯಲ್ಲಿ 2016ರಲ್ಲಿ ಅಚ್ಚಾದ ಮೇಪಲ್ ಎಲೆಯ ನಾಣ್ಯ ಅದು. ತೂಕ ಒಂದು ಟ್ರಾಯ್ ಔನ್ಸ್, ಎಂದರೆ 31.1 ಗ್ರಾಂ, ಸಾವಿರ ಪಾಲಿನಲ್ಲಿ 999.9 ಪಾಲು ಬೆಳ್ಳಿ. ಟೊರಾಂಟೊದಲ್ಲಿ ನೆಲೆಸಿರುವ ನನ್ನ ಚಿಕ್ಕಪ್ಪನ ಮಗ ಊರಿಗೆ ಬಂದಾಗ ಅದನ್ನು ನನ್ನ ಕೈಯಲ್ಲಿಟ್ಟಿದ್ದ. ಆಗ ಅದರ ಮೇಲೆ ಗೆರೆ ಹಿಡಿದು ಕೊರೆದ ಕಿರಣಗಳು ನಾಣ್ಯ ವಾಲಿಸಿದತ್ತ ಹೊರಳಿ ಹೊಳೆಯುತ್ತಿದ್ದವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಹೊಳಪನ್ನು ನನ್ನ ಕೈಯಾರೆ ನಾನೇ ಕೆಡಿಸಿದೆ. ಕೆಡಿಸಿದ ಬಗೆಯನ್ನು ಮುಂದೆ ಬರೆಯುತ್ತೇನೆ. ಇಷ್ಟೆಲ್ಲ ಆದರೂ ಆ ನಾಣ್ಯದ ಶುದ್ಧತೆ ಎಳ್ಳಷ್ಟೂ ಕಡಿಮೆಯಾಗಿಲ್ಲ. ಇವತ್ತು ಅಕ್ಕಸಾಲಿಗರ ಮೂಸೆಗೆ ಹಾಕಿದರೂ ಅಷ್ಟೇ ಬೆಳ್ಳಿ ಇಳಿಯುತ್ತದೆ.

ಉತ್ತಮ ದರ್ಜೆಯ ಬೆಳ್ಳಿ ನಾಣ್ಯ ಎಂದಾಗ ನಮ್ಮಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿರುತ್ತವೆ. ಒಂದು ಲೋಹದ ಶುದ್ಧತೆ, ಇನ್ನೊಂದು ನಾಣ್ಯದ ಸ್ಥಿತಿ. ಇವೆರಡನ್ನೂ ಬೇರ್ಪಡಿಸಿ ನೋಡುವುದನ್ನು ನನಗೆ ಕಲಿಸಿದ್ದು ನಾಣ್ಯಗಳಲ್ಲ, ಕಾಫಿ. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜದ ಹೊಟ್ಟು ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಒಂದೇ ತೋಟದ, ಒಂದೇ ಕುಯ್ಲಿನ ಅರೇಬಿಕಾ ಪಾರ್ಚ್‌ಮೆಂಟ್, ಎಂದರೆ ಹೊಟ್ಟು ಬಿಡಿಸದ ಬೀಜದ ಮೂಟೆಗಳು ಯಂತ್ರಕ್ಕೆ ಹೋಗಿ ಹೊಟ್ಟು ಬಿಟ್ಟು ಜರಡಿಗೆ ಬಂದಾಗ ಅವೇ ಬೀಜಗಳು ಪ್ಲಾಂಟೇಷನ್ ಎ, ಪಿಬಿ, ಸಿ ಎಂದು ವಿಂಗಡವಾಗಿ, ಕೊನೆಗೆ ಕಪ್ಪು, ಕಂದು, ಒಡಕು ಬೀಜಗಳೆಲ್ಲ ಬಿಬಿಬಿ ಎಂಬ ರಾಶಿಗೆ ಬೀಳುತ್ತವೆ. ಅರೇಬಿಕಾ ಎಂಬ ಜಾತಿ ಯಾವ ರಾಶಿಯಲ್ಲೂ ಸುಳ್ಳಲ್ಲ. ಬೆಲೆ ಮಾತ್ರ ಒಂದೊಂದು ರಾಶಿಗೆ ಒಂದೊಂದು. ನಾಣ್ಯದ ಶುದ್ಧತೆ ಜಾತಿಯಿದ್ದಂತೆ, ಅದು ಟಂಕಸಾಲೆಯಲ್ಲೇ ತೀರ್ಮಾನವಾಗಿರುತ್ತದೆ. ಸ್ಥಿತಿಯೆಂಬುದು ದರ್ಜೆಯಿದ್ದಂತೆ, ಅದು ಹೆಚ್ಚಾಗಿ ಕೆಡುವುದು ನಮ್ಮ ಮನೆಯಲ್ಲಿ.

ಶುದ್ಧತೆಯ ಲೆಕ್ಕ ಸರಳ. 999 ಎಂದು ಅಚ್ಚಾಗಿದ್ದರೆ ಒಂದು ಕಿಲೋ ಲೋಹದಲ್ಲಿ ಹೆಚ್ಚೆಂದರೆ ಒಂದು ಗ್ರಾಂ ಅನ್ಯಲೋಹ ಇರಬಹುದು, 999.9 ಎಂದಿದ್ದರೆ ಗ್ರಾಮಿನ ಹತ್ತನೆಯ ಒಂದು ಪಾಲು. ಒಂದು ಔನ್ಸಿನ ನಾಣ್ಯದ ಮಟ್ಟಿಗೆ ಈ ಎರಡರ ನಡುವಿನ ವ್ಯತ್ಯಾಸ ಸುಮಾರು 0.03 ಗ್ರಾಂ ಬೆಳ್ಳಿ. ನಾಲ್ಕನೆಯ ಒಂಬತ್ತಕ್ಕಾಗಿ ನೂರಾರು ರೂಪಾಯಿ ಹೆಚ್ಚು ಕೊಡುವವರನ್ನು ಕಂಡಾಗ ನನಗೆ ಈ ಅಂಕಿ ನೆನಪಾಗುತ್ತದೆ. ಅಮೆರಿಕದ ಸಿಲ್ವರ್ ಈಗಲ್ 1986ರಿಂದಲೂ 999ರ ನಾಣ್ಯವೇ. 1916ರ ಅರ್ಧ ಡಾಲರಿಗಾಗಿ ಅಡಾಲ್ಫ್ ವೈನ್‌ಮನ್ ರಚಿಸಿದ, ನಡೆದು ಬರುತ್ತಿರುವ ಸ್ವಾತಂತ್ರ್ಯದೇವಿಯ ಚಿತ್ರ ಅದರ ಮುಖದ ಮೇಲಿದೆ. ಒಂದು ಒಂಬತ್ತು ಕಡಿಮೆಯೆಂದು ಅದನ್ನು ಕೀಳಾಗಿ ಕಂಡ ಸಂಗ್ರಾಹಕರನ್ನು ನಾನು ನೋಡಿಲ್ಲ. ಆಸ್ಟ್ರಿಯಾದ ಫಿಲ್‌ಹಾರ್ಮೋನಿಕ್ 2008ರಲ್ಲಿ ಬೆಳ್ಳಿಯಲ್ಲಿ ಬಂತು, ಅದೂ 999.

ಹೆಸರು ಒಂದೇ ಇದ್ದು ಒಳಗಿನ ಬೆಳ್ಳಿ ಬೇರೆಯಾಗಿರುವ ನಾಣ್ಯಗಳಲ್ಲಿ ಮಾತ್ರ ಎಚ್ಚರ ಬೇಕು. ಬ್ರಿಟನ್ನಿನ ಬ್ರಿಟಾನಿಯಾ 1997ರಿಂದ 2012ರವರೆಗೆ 958ರ ಬೆಳ್ಳಿ, 2013ರಿಂದ ಈಚೆಗೆ 999. ಚೀನಾದ ಪಾಂಡಾ 2016ರಲ್ಲಿ ಔನ್ಸನ್ನು ಬಿಟ್ಟು 30 ಗ್ರಾಮಿಗೆ ಇಳಿಯಿತು. ಆದ್ದರಿಂದ ಔನ್ಸಿನ ಬೆಲೆ ಕೊಟ್ಟು 30 ಗ್ರಾಮಿನ ಪಾಂಡಾ ಕೊಂಡವನಿಗೆ ಒಂದು ಗ್ರಾಂಗಿಂತ ಹೆಚ್ಚು ಬೆಳ್ಳಿ ಖೋತಾ. ಇಸವಿ ಓದದೆ ನಾಣ್ಯ ಕೊಳ್ಳಬಾರದು ಎಂದು ನಾನು ಹೊಸಬರಿಗೆ ಹೇಳುವುದು ಇದಕ್ಕೇ.

ಈ ಇಸವಿಯ ಪಾಠ ನನಗೆ ಮೊದಲು ಸಿಕ್ಕಿದ್ದು ಅಜ್ಜಿಯ ಡಬ್ಬಿಯಿಂದ. ಆಲ್ದೂರಿನ ಬಳಿಯ ನಮ್ಮ ಹಳೆಯ ಹೆಂಚಿನ ಮನೆಯ ಅಟ್ಟದಲ್ಲಿ, ಕೆಂಪು ಬಟ್ಟೆಯಲ್ಲಿ ಸುತ್ತಿದ ಹನ್ನೊಂದು ಬೆಳ್ಳಿ ರೂಪಾಯಿಗಳಿದ್ದವು. ಮನೆಯವರೆಲ್ಲ ಅವನ್ನು ‘ರಾಣಿ ರೂಪಾಯಿ’ ಎಂದೇ ಕರೆಯುತ್ತಿದ್ದರು. ಭೂತಗನ್ನಡಿ ಹಿಡಿದು ನೋಡಿದರೆ ರಾಣಿಯ ಮುಖ ಇದ್ದದ್ದು ನಾಲ್ಕರಲ್ಲಿ ಮಾತ್ರ. ಎರಡರಲ್ಲಿ ಏಳನೆಯ ಎಡ್ವರ್ಡ್, ಎರಡರಲ್ಲಿ ಐದನೆಯ ಜಾರ್ಜ್, ಉಳಿದ ಮೂರರಲ್ಲಿ ಆರನೆಯ ಜಾರ್ಜ್. ಬ್ರಿಟಿಷರ ಕಾಲದ ರೂಪಾಯಿ ತೂಕದಲ್ಲಿ ಸರಿಯಾಗಿ ಒಂದು ತೊಲ, 11.66 ಗ್ರಾಂ. ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ತಾಮ್ರ. ಅಪ್ಪಟ ಬೆಳ್ಳಿ ಮೆತ್ತಗಿನ ಲೋಹ. ಕೈಯಿಂದ ಕೈಗೆ ಹೋಗುವ ನಾಣ್ಯ ಬೇಗ ಸವೆಯದಿರಲಿ ಎಂದು ತಾಮ್ರ ಬೆರೆಸುತ್ತಿದ್ದರು. ಹೊಸದಾಗಿದ್ದಾಗ ಒಂದು ರೂಪಾಯಿಯಲ್ಲಿ ಸುಮಾರು 10.7 ಗ್ರಾಂ ಬೆಳ್ಳಿ ಇರುತ್ತಿತ್ತು. ಯುದ್ಧದ ಕಾಲಕ್ಕೆ, 1940ರಲ್ಲಿ, ಸರ್ಕಾರ ಅದನ್ನು ಅರ್ಧಕ್ಕೆ ಇಳಿಸಿತು. ನೂರಕ್ಕೆ 50 ಪಾಲು ಬೆಳ್ಳಿ, 40 ತಾಮ್ರ, ಐದೈದು ನಿಕ್ಕಲ್ ಮತ್ತು ಸತು. 1947ರ ಹೊತ್ತಿಗೆ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲದೆ ಬರೀ ನಿಕ್ಕಲ್ ಉಳಿಯಿತು. ನಮ್ಮ ಡಬ್ಬಿಯ ಆರನೆಯ ಜಾರ್ಜ್ ಮೂವರೂ 1940ರ ಈಚಿನವರು. ಅಜ್ಜಿ ಹನ್ನೊಂದನ್ನೂ ಸಮಾನ ಗೌರವದಿಂದ ಕಟ್ಟಿಟ್ಟಿದ್ದರು.

ಇಸವಿ ಸವೆದು ಹೋಗಿದ್ದರೆ, ಅಥವಾ ನಾಣ್ಯವೇ ಖೋಟಾ ಎಂಬ ಅನುಮಾನ ಬಂದರೆ, ನಾನು ಮಾಡುವ ಪರೀಕ್ಷೆ ಅಡುಗೆಮನೆಯ ಕಟ್ಟೆಯ ಮೇಲೆಯೇ ಮುಗಿಯುತ್ತದೆ. ಅಕ್ಕಸಾಲಿಗರು ಬಳಸುವಂಥ, ಗ್ರಾಮಿನ ನೂರನೆಯ ಒಂದು ಪಾಲನ್ನು ತೋರಿಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಸಾಕು. ಮೊದಲು ನಾಣ್ಯವನ್ನು ತೂಗಿ ಬರೆದುಕೊಳ್ಳಬೇಕು. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಚಿಕ್ಕ ಲೋಟ ಇಟ್ಟು ಅಂಕಿಯನ್ನು ಸೊನ್ನೆಗೆ ತರಬೇಕು. ನಾಣ್ಯಕ್ಕೆ ಹೊಲಿಗೆಯ ದಾರ ಕಟ್ಟಿ, ಲೋಟದ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಕೈಯಲ್ಲೇ ಹಿಡಿದಿರಬೇಕು. ನಾಣ್ಯಕ್ಕೆ ಗುಳ್ಳೆ ಅಂಟಿದ್ದರೆ ಒಂದು ಸಲ ಅಲುಗಿಸಿ ಬಿಡಿಸಬೇಕು. ಆಗ ತಕ್ಕಡಿ ತೋರಿಸುವ ಅಂಕಿ ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಬೆಳ್ಳಿಯ ಸಾಂದ್ರತೆ ನೀರಿನ 10.49 ಪಟ್ಟು. ಹಾಗಾಗಿ 31.1 ಗ್ರಾಮಿನ ಅಪ್ಪಟ ಬೆಳ್ಳಿ ನಾಣ್ಯ 2.96 ಅಥವಾ 2.97 ತೋರಿಸಬೇಕು. ಬೆಳ್ಳಿಯ ಲೇಪ ಹಾಕಿದ ತಾಮ್ರವಾದರೆ ಅದೇ ತೂಕಕ್ಕೆ 3.47ರ ಹತ್ತಿರ ನಿಲ್ಲುತ್ತದೆ, ತಪ್ಪಿಸಿಕೊಳ್ಳಲಾರದು.

ಅಜ್ಜಿಯ ರೂಪಾಯಿಗಳನ್ನು ಹೀಗೆ ಒಂದೊಂದಾಗಿ ಮುಳುಗಿಸಿದಾಗ ವಿಕ್ಟೋರಿಯಾ, ಎಡ್ವರ್ಡ್, ಐದನೆಯ ಜಾರ್ಜ್ ಎಲ್ಲರೂ 1.11ರಿಂದ 1.13ರ ಒಳಗೆ ನಿಂತರು. ಸವೆತದಿಂದ ತೂಕವೇ ಕಡಿಮೆಯಾದವು ಇನ್ನಷ್ಟು ಕೆಳಗೆ ಇಳಿಯಬಹುದು, ಆದ್ದರಿಂದ ನೋಡಬೇಕಾದದ್ದು ಎರಡು ಅಂಕಿಗಳ ಭಾಗಾಕಾರವನ್ನು. ಆರನೆಯ ಜಾರ್ಜರ ಮೂರೂ ನಾಣ್ಯಗಳು 1.22ಕ್ಕೆ ಹಾರಿದವು. ಅಷ್ಟೇ ದಪ್ಪ, ಅಷ್ಟೇ ಅಗಲ ಎಂದು ಕಣ್ಣಿಗೆ ಕಂಡರೂ ನೀರು ಅರ್ಧ ಬೆಳ್ಳಿಯನ್ನು ಹಿಡಿದುಕೊಟ್ಟಿತು. ಕಾಂತಕ್ಕೆ ಅಂಟದಿದ್ದರೆ ಬೆಳ್ಳಿ ಎಂದು ನಂಬುವವರು ಈಗಲೂ ಇದ್ದಾರೆ. ಅಂಟಿದರೆ ಸುಳ್ಳು ಎನ್ನುವುದು ಸರಿ, ಆದರೆ ತಾಮ್ರ, ಹಿತ್ತಾಳೆ, ಸೀಸ ಯಾವುದೂ ಕಾಂತಕ್ಕೆ ಅಂಟುವುದಿಲ್ಲವಲ್ಲ. ಹಿಂದಿನ ಅಂಗಡಿಯವರು ಕಲ್ಲಿನ ಮೇಲೆ ರೂಪಾಯಿ ಎಸೆದು ಅದರ ನಾದ ಕೇಳುತ್ತಿದ್ದರು. ಕಿವಿಗೆ ಅದು ಒಳ್ಳೆಯ ಪರೀಕ್ಷೆ, ನಾಣ್ಯದ ಅಂಚಿಗೆ ಅಲ್ಲ.

ಆ ಹನ್ನೊಂದರಲ್ಲಿ ಎರಡಕ್ಕೆ ಕೊಂಡಿ ಬೆಸೆದ ಗುರುತಿತ್ತು. ಯಾರ ಕೊರಳಿನ ಸರದಲ್ಲಿದ್ದವೋ ತಿಳಿಯದು. ಬೆಸುಗೆ ಬಿದ್ದ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಬೆಲೆಯಿಲ್ಲ, ಬೆಳ್ಳಿಯ ತೂಕದ ಬೆಲೆ ಮಾತ್ರ. ಆದರೂ ಅವೆರಡನ್ನು ನಾನು ಮಾರುವವನಲ್ಲ. ಮೇಪಲ್ ಕೊಟ್ಟ ಚಿಕ್ಕಪ್ಪನ ಮಗ ಅದಕ್ಕೆ ಬದಲಾಗಿ ಅಜ್ಜಿಯ ನೆನಪಿಗೆಂದು 1862ರ ಎರಡು ರೂಪಾಯಿ ಕೇಳಿದ್ದ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಹೊರದೇಶಕ್ಕೆ ಒಯ್ಯುವಂಥದ್ದಲ್ಲ ಎಂದು ಹೇಳಿ, ಬೇಕಾದಾಗ ಊರಿಗೆ ಬಂದು ನೋಡಿಕೋ ಎಂದೆ. ಆ 1862ರ ರೂಪಾಯಿಯದೂ ಒಂದು ಸ್ವಾರಸ್ಯವಿದೆ. ಮುಂದಿನ ಹಲವು ವರ್ಷ ಅದೇ ಇಸವಿಯನ್ನು ಬದಲಿಸದೆ ಅಚ್ಚು ಹಾಕುತ್ತಲೇ ಇದ್ದರು. ಹಾಗಾಗಿ ನಾಣ್ಯದ ಮೇಲಿನ ಚುಕ್ಕಿಗಳನ್ನು ಎಣಿಸುತ್ತ ಕೂರುವ ಸಂಗ್ರಾಹಕರ ಒಂದು ಪಂಗಡವೇ ಇದೆ.

ನಮ್ಮ ಸೀಮೆಗೆ ಬೆಳ್ಳಿ ನಾಣ್ಯ ತಡವಾಗಿ ಬಂದ ಅತಿಥಿ ಎಂದೇ ನನಗೆ ಅನ್ನಿಸುತ್ತದೆ. ಪಕ್ಕದ ಬೇಲೂರು, ಹಳೇಬೀಡಿನಿಂದ ಆಳಿದ ಹೊಯ್ಸಳರ ಹೆಸರಾಂತ ನಾಣ್ಯಗಳೆಲ್ಲ ಚಿನ್ನದವು. ವಿಷ್ಣುವರ್ಧನನ ಗದ್ಯಾಣದ ಮೇಲೆ ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲೇ ಅಚ್ಚಾಗಿದೆ. ವರಹ, ಹಣ ಎಂಬ ಚಿನ್ನದ ಲೆಕ್ಕವೇ ಇಲ್ಲಿ ಶತಮಾನಗಳ ಕಾಲ ನಡೆಯಿತು. ಟಿಪ್ಪುವಿನ ಟಂಕಸಾಲೆಗಳು ಎರಡು ರೂಪಾಯಿಯ ಹೈದರಿ, ಒಂದು ರೂಪಾಯಿಯ ಇಮಾಮಿ ಎಂದು ದೊಡ್ಡ ಬೆಳ್ಳಿ ನಾಣ್ಯಗಳನ್ನು ಹೊರಡಿಸಿದವು. ಕಮ್ಮಟ ಎಂಬ ಚೆಂದದ ಹಳಗನ್ನಡ ಪದ ಇಟ್ಟುಕೊಂಡು ನಾವು ಮಿಂಟ್ ಎನ್ನುತ್ತೇವೆ ಎಂಬುದು ಬೇರೆ ಮಾತು.

ಈಗ ಪೇಟೆಯಲ್ಲಿ ಸಿಗುವ ನಾಣ್ಯಗಳ ವಿಷಯ. ಎಂ.ಜಿ. ರಸ್ತೆಯ ಆಭರಣದಂಗಡಿಗಳಲ್ಲಿ ಅಕ್ಷಯ ತೃತೀಯ, ದೀಪಾವಳಿ ಬಂತೆಂದರೆ ಲಕ್ಷ್ಮಿ, ಗಣೇಶರ ಚಿತ್ರವಿರುವ ಐದು, ಹತ್ತು, ಇಪ್ಪತ್ತು ಗ್ರಾಮಿನ ಬಿಲ್ಲೆಗಳನ್ನು ಬೆಳ್ಳಿ ನಾಣ್ಯ ಎಂದು ಮಾರುತ್ತಾರೆ. ರೂಢಿಯಲ್ಲಿ ಅವು ನಾಣ್ಯವೇ, ಆದರೆ ಮುಖಬೆಲೆಯಿಲ್ಲ, ಸರ್ಕಾರ ಹೊರಡಿಸಿದ್ದಲ್ಲ, ಆದ್ದರಿಂದ ಕಾನೂನಿನ ಕಣ್ಣಿಗೆ ಅವು ಪದಕಗಳು. ಸಿಲ್ವರ್ ಈಗಲ್‌ಗೆ ಒಂದು ಡಾಲರ್, ಮೇಪಲ್‌ಗೆ ಐದು ಡಾಲರ್ ಮುಖಬೆಲೆ ಇದೆ. ಆ ಬೆಲೆಗೆ ಯಾರೂ ಅದನ್ನು ಖರ್ಚು ಮಾಡುವುದಿಲ್ಲ, ಆದರೆ ಒಂದು ದೇಶ ಅದರ ತೂಕಕ್ಕೂ ಶುದ್ಧತೆಗೂ ಹೊಣೆ ಹೊತ್ತಿದೆ ಎಂಬುದಕ್ಕೆ ಅದು ಗುರುತು. ಮೆಕ್ಸಿಕೋದವರು ಮಾತ್ರ 1982ರಿಂದ ಹೊರಡಿಸುತ್ತಿರುವ ಲಿಬರ್ತಾದ್ ನಾಣ್ಯದ ಮೇಲೆ ಮುಖಬೆಲೆಯನ್ನೇ ನಮೂದಿಸದೆ ಈ ವಾದವನ್ನು ಸ್ವಲ್ಪ ಕೆಡಿಸಿದ್ದಾರೆ. ನಮ್ಮ ಸರ್ಕಾರದ ಸ್ಮರಣಾರ್ಥ ನಾಣ್ಯಗಳಲ್ಲಿ ಹಲವು ಶುದ್ಧತೆಯಲ್ಲಿ ಇವಕ್ಕೆ ಸಮನಲ್ಲ. 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ 15 ಗ್ರಾಂ ತೂಕದ್ದು, ನೂರಕ್ಕೆ 80 ಪಾಲು ಬೆಳ್ಳಿ. 2023ರಲ್ಲಿ ಹೊಸ ಸಂಸತ್ ಭವನದ ನೆನಪಿಗೆ ಬಂದ 75 ರೂಪಾಯಿಯದು 35 ಗ್ರಾಂ, ಅರ್ಧ ಮಾತ್ರ ಬೆಳ್ಳಿ. ಅವನ್ನು ಕೊಳ್ಳುವುದು ಚರಿತ್ರೆಗಾಗಿ, ಬೆಳ್ಳಿಗಾಗಿ ಅಲ್ಲ.

ಅಪ್ಪಟ ಬೆಳ್ಳಿಯೇ ಬೇಕೆನ್ನುವವರು ದೇಶದೊಳಗೇ ಕೊಳ್ಳಬಹುದು. ಎಂಎಂಟಿಸಿ-ಪ್ಯಾಂಪ್ ಸಂಸ್ಥೆಯ 999.9ರ ನಾಣ್ಯಗಳು ಮೊಹರು ಮಾಡಿದ ಕಾರ್ಡಿನೊಳಗೆ ಬರುತ್ತವೆ. ಆ ಕಾರ್ಡನ್ನು ಹರಿಯದೆ ಇಡುವುದು ಒಳ್ಳೆಯದು, ಏಕೆಂದರೆ ಹರಿದ ಮೇಲೆ ಮಾರುವಾಗ ಪ್ರತಿ ಅಂಗಡಿಯವರೂ ಮೊದಲಿನಿಂದ ಟಂಚ್, ಎಂದರೆ ಲೋಹದ ಶುದ್ಧತೆ, ನೋಡುತ್ತಾರೆ. ಬೆಳ್ಳಿಗೆ ಹಾಲ್‌ಮಾರ್ಕ್ ಚಿನ್ನದಂತೆ ಕಡ್ಡಾಯವಲ್ಲ. ಹಾಸನದ ಒಂದು ಅಂಗಡಿಯಲ್ಲಿ ‘ಪ್ಯೂರ್ ಸಿಲ್ವರ್’ ಎಂದಷ್ಟೇ ಅಚ್ಚಿದ್ದ ಇಪ್ಪತ್ತು ಗ್ರಾಮಿನ ಬಿಲ್ಲೆಯನ್ನು ನಾನು ಹಿಂದೊಮ್ಮೆ ಕೊಂಡಿದ್ದೆ. ಮನೆಗೆ ಬಂದು ನೀರಿನ ಪರೀಕ್ಷೆ ಮಾಡಿದಾಗ ಅದು 1.91ರ ಬದಲು 2.06 ತೋರಿಸಿತು. ಅಂಗಡಿಯವರು ಹಣ ಹಿಂದಿರುಗಿಸಲಿಲ್ಲ, ಬೇರೆ ಬಿಲ್ಲೆ ಕೊಟ್ಟರು, ಅದೂ ಸಂಖ್ಯೆಯಿಲ್ಲದ್ದೇ. ಅಂದಿನಿಂದ ಶುದ್ಧತೆಯನ್ನು ಅಂಕಿಯಲ್ಲಿ ಅಚ್ಚು ಹಾಕದ ಬೆಳ್ಳಿಯನ್ನು ನಾನು ಮುಟ್ಟುವುದಿಲ್ಲ.

ಇನ್ನು ನನ್ನ ಮೇಪಲ್‌ನ ಕಥೆ. ಚಿಕ್ಕಮಗಳೂರು ಪೇಟೆಯಲ್ಲಿ ಮೂಡಿಗೆರೆ, ಕೊಪ್ಪ, ಶೃಂಗೇರಿಯಷ್ಟು ಮಳೆ ಬೀಳುವುದಿಲ್ಲ. ಆದರೂ ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಗಿರಿಯ ಕಡೆಯಿಂದ ಇಳಿಯುವ ಮಂಜು ಮನೆಯೊಳಗೇ ಬಂದು ಕೂರುತ್ತದೆ. ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜದ ತೇವಾಂಶ ನೂರಕ್ಕೆ ಹತ್ತರ ಆಸುಪಾಸು ದಾಟದಂತೆ ದಿನವೂ ಮೀಟರ್ ಹಿಡಿದು ಕಾಯುವ ನನಗೆ, ಮನೆಯಲ್ಲಿರುವ ನಾಣ್ಯಗಳಿಗೂ ಅದೇ ಕಾವಲು ಬೇಕೆಂದು ಹೊಳೆಯಲಿಲ್ಲ. ಪುಸ್ತಕದಂಗಡಿಯಿಂದ ಮೆತ್ತಗಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳ ಆಲ್ಬಂ ತಂದು, ಮೇಪಲ್ ಒಂದು ಕಿಸೆಯಲ್ಲಿ, ಅಜ್ಜಿಯ ರೂಪಾಯಿಗಳು ಉಳಿದ ಕಿಸೆಗಳಲ್ಲಿ ಇರುವಂತೆ ಜೋಡಿಸಿ, ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟೆ. ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೆಯ ಮಳೆಗಾಲ ಮುಗಿದು, ಆಯುಧಪೂಜೆಗೆ ಬೀರು ಒರೆಸುವಾಗ ಆಲ್ಬಂ ತೆರೆದರೆ ಹಾಳೆಯಿಂದ ಹೊಸ ರೈನ್‌ಕೋಟಿನ ವಾಸನೆ ಬಂತು. ರೂಪಾಯಿಗಳ ಅಂಚಿನಲ್ಲಿ, ಅಕ್ಷರಗಳ ಸಂದಿನಲ್ಲಿ, ಹಸಿರು ಅಂಟು ಕೂತಿತ್ತು. ಮೇಪಲ್ ಹಸಿರಾಗಿರಲಿಲ್ಲ, ಆದರೆ ಎಣ್ಣೆಗೈಯಿಂದ ಮುಟ್ಟಿದ ಕನ್ನಡಿಯಂತೆ ಮಬ್ಬಾಗಿತ್ತು, ಬೆರಳಿಟ್ಟರೆ ಜಿಗುಟು.

ಆ ಹಾಳೆ ಪಿವಿಸಿ. ಅದನ್ನು ಮೆತ್ತಗಾಗಿಸಲು ಬೆರೆಸುವ ಎಣ್ಣೆಯಂಥ ವಸ್ತು ಕಾಲಕ್ರಮೇಣ ಹೊರಗೆ ಒಸರುತ್ತದೆ. ಸೆಕೆ, ತೇವಗಳಲ್ಲಿ ಪ್ಲಾಸ್ಟಿಕ್ ಕೆಡುತ್ತ ಆಮ್ಲವನ್ನೂ ಬಿಡುತ್ತದೆ. ಆಮ್ಲ ಮೊದಲು ಹಿಡಿಯುವುದು ತಾಮ್ರವನ್ನು. ರೂಪಾಯಿಯಲ್ಲಿ ಹನ್ನೆರಡನೆಯ ಒಂದು ಪಾಲಾದರೂ ತಾಮ್ರವಿದ್ದುದರಿಂದ ಅವು ಹಸಿರಾದವು, ತಾಮ್ರವಿಲ್ಲದ ಮೇಪಲ್ ಬರೀ ಜಿಗುಟಾಯಿತು. ಅಷ್ಟರಲ್ಲೇ ಎಚ್ಚೆತ್ತು, ಅಪ್ಪಟ ಅಸಿಟೋನ್ ತಂದು ಗಾಜಿನ ಬಟ್ಟಲಲ್ಲಿ ನಾಣ್ಯವನ್ನು ಕೆಲವು ನಿಮಿಷ ನೆನೆಸಿ, ಉಜ್ಜದೆ ತೆಗೆದು ಒಣಗಿಸಿದ್ದರೆ ಆ ಅಂಟು ಕರಗಿ ಹೋಗಿ ಬೆಳ್ಳಿ ಹಾಗೇ ಉಳಿಯುತ್ತಿತ್ತು. ಅಸಿಟೋನ್ ಬೆಳ್ಳಿಯನ್ನು ಏನೂ ಮಾಡುವುದಿಲ್ಲ. ಉಗುರಿನ ಬಣ್ಣ ತೆಗೆಯುವ ದ್ರವ ಅಲ್ಲ, ಅದರಲ್ಲಿ ಬೇರೆ ಏನೇನೋ ಬೆರೆತಿರುತ್ತದೆ. ಬೆಂಕಿಯ ಹತ್ತಿರವಂತೂ ಇದನ್ನು ಮಾಡಲೇಬಾರದು. ನನಗೆ ಇದೊಂದೂ ತಿಳಿದಿರಲಿಲ್ಲ. ಮನೆಯ ಬೆಳ್ಳಿ ದೀಪಗಳನ್ನು ಬೆಳಗುವುದನ್ನು ಚಿಕ್ಕಂದಿನಿಂದ ನೋಡಿದ್ದವನು, ಅದೇ ಹಲ್ಲುಪುಡಿಯನ್ನು ಒದ್ದೆ ಬಟ್ಟೆಗೆ ಹಚ್ಚಿ ಮೇಪಲ್ಲನ್ನು ಉಜ್ಜಿದೆ.

ಜಿಗುಟು ಹೋಯಿತು. ದೂರದಿಂದ ನೋಡಿದರೆ ನಾಣ್ಯ ಮೊದಲಿಗಿಂತ ಬೆಳ್ಳಗೆ ಕಂಡಿತು. ಕಿಟಕಿಯ ಬಳಿ ಹಿಡಿದು ವಾಲಿಸಿದಾಗ ತಿಳಿಯಿತು ನಾನು ಮಾಡಿದ್ದೇನೆಂದು. ಕಿರಣಗಳು ಹೊರಳುತ್ತಿರಲಿಲ್ಲ. ಅವುಗಳ ಮೇಲೆ ವೃತ್ತಾಕಾರದಲ್ಲಿ, ನನ್ನ ಬೆರಳು ಸುತ್ತಿದ ದಿಕ್ಕಿನಲ್ಲೇ, ಕೂದಲೆಳೆಯಂಥ ಸಾವಿರ ಗೀರುಗಳು. ಹಲ್ಲುಪುಡಿಯಲ್ಲಿರುವ ಸುಣ್ಣದ ಕಲ್ಲಿನ ಹುಡಿ ಬೆಳ್ಳಿಗಿಂತ ಗಡಸು. ಎಲೆಯ ಪಕ್ಕದಲ್ಲಿ ಭೂತಗನ್ನಡಿಗೆ ಮಾತ್ರ ಕಾಣುವಂತೆ ಕೊರೆದ ಪುಟ್ಟ ಎಲೆಯೊಂದಿದೆ, ಅದರೊಳಗೆ ಇಸವಿಯ ಕೊನೆಯ ಎರಡು ಅಂಕಿ; ಆ ಅಂಕಿಯ ಮೇಲೂ ಗೀರು ಹಾದುಹೋಗಿತ್ತು. ದೀಪ ಉಜ್ಜಿದರೆ ದೀಪವಾಗಿಯೇ ಉಳಿಯುತ್ತದೆ. ಟಂಕಸಾಲೆಯ ಒತ್ತಡದಲ್ಲಿ ಲೋಹ ಹರಿದು ಮೂಡಿದ ಆ ನವಿರು ಹೊಳಪು ಒಮ್ಮೆ ಸವೆದರೆ ಯಾವ ಪುಡಿಯಿಂದಲೂ, ಅಡುಗೆ ಸೋಡಾ ಮತ್ತು ಅಲ್ಯೂಮಿನಿಯಂ ಹಾಳೆಯ ಉಪಾಯದಿಂದಲೂ ಮರಳುವುದಿಲ್ಲ.

ಈಗ ನಾನು ಇಡುವ ಕ್ರಮ ಬೇರೆ. ನಾಣ್ಯದ ಅಳತೆಗೆ ಸರಿಯಾದ ಗಟ್ಟಿ ಅಕ್ರಿಲಿಕ್ ಡಬ್ಬಿ; ಮೇಪಲ್‌ಗೆ 38 ಮಿಲಿಮೀಟರ್, ಈಗಲ್‌ಗೆ 40.6. ಸಡಿಲವಾದ ಡಬ್ಬಿಯಲ್ಲಿ ನಾಣ್ಯ ಅಲುಗಿ ಅಂಚು ಸವೆಯುತ್ತದೆ, ಆದ್ದರಿಂದ ಅಳತೆ ಮುಖ್ಯ. ಹಿಡಿಯುವುದು ಅಂಚಿನಲ್ಲಿ ಮಾತ್ರ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿ. ಡಬ್ಬಿಗಳೆಲ್ಲ ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ, ಜೊತೆಗೆ ನೀಲಿ ಸಿಲಿಕಾ ಜೆಲ್ ಪೊಟ್ಟಣ. ತೇವ ಹೀರಿದಂತೆ ಅದು ಗುಲಾಬಿಯಾಗುತ್ತದೆ, ಕಾಯಿಸಿದರೆ ಮತ್ತೆ ನೀಲಿ. ಬೇಸಿಗೆಯಲ್ಲಿ ಒಂದು ಪೊಟ್ಟಣ ತಿಂಗಳುಗಟ್ಟಲೆ ನೀಲಿಯಾಗಿಯೇ ಇರುತ್ತದೆ, ಆಷಾಢದಲ್ಲಿ ಹತ್ತು ದಿನಕ್ಕೇ ಗುಲಾಬಿ. ರಬ್ಬರ್ ಬ್ಯಾಂಡ್, ಉಣ್ಣೆ, ಅಗ್ಗದ ರಟ್ಟು, ಇವು ಯಾವುವೂ ಆ ಡಬ್ಬದ ಹತ್ತಿರ ಸುಳಿಯಬಾರದು, ಅವುಗಳಲ್ಲಿ ಗಂಧಕವಿರುತ್ತದೆ. ಬೆಳ್ಳಿ ಕಪ್ಪಾಗುವುದು ತುಕ್ಕಿನಿಂದಲ್ಲ, ಗಾಳಿಯಲ್ಲಿರುವ ಗಂಧಕದ ಅಂಶ ಸೇರಿ. ತೇವ ಅದಕ್ಕೆ ಒತ್ತಾಸೆ. ಮೊದಲು ತೆಳು ಹಳದಿ, ಆಮೇಲೆ ಕೆಂಪು, ನೀಲಿ, ಕೊನೆಗೆ ಕಪ್ಪು. ತಾನಾಗಿ ಹತ್ತಿದ ಆ ಕಾಮನಬಿಲ್ಲಿನ ಬಣ್ಣಕ್ಕೆ ಹೆಚ್ಚು ಹಣ ಕೊಡುವ ರಸಿಕರಿದ್ದಾರೆ, ನನಗೆ ಆ ರುಚಿ ಇನ್ನೂ ಹತ್ತಿಲ್ಲ.

ಎಷ್ಟು ಕಾದರೂ ತಪ್ಪದ ಒಂದು ಪೀಡೆಯಿದೆ. ಅದಕ್ಕೆ ಹಾಲು ಕಲೆ ಎನ್ನುತ್ತಾರೆ. ಹೊಸ ನಾಣ್ಯದ ಮೇಲೆ, ಯಾರೂ ಮುಟ್ಟದಿದ್ದರೂ, ಹಾಲಿನ ಹನಿ ಸಿಡಿದಂತೆ ಬಿಳಿ ಮಚ್ಚೆಗಳು ಏಳುತ್ತವೆ. ಟಂಕಸಾಲೆಯಲ್ಲಿ ಬಿಲ್ಲೆಗಳನ್ನು ತೊಳೆದ ದ್ರವದ ಶೇಷ ಕಾಯಿಸುವಾಗ ಲೋಹಕ್ಕೆ ಕಚ್ಚಿಕೊಳ್ಳುವುದೇ ಕಾರಣ ಎಂದು ಹೆಚ್ಚಿನವರ ಅಭಿಪ್ರಾಯ. ಕೆನಡಾದವರು ಇದನ್ನು ತಗ್ಗಿಸಲು 2018ರಿಂದ ಮಿಂಟ್‌ಶೀಲ್ಡ್ ಎಂಬ ಹೊಸ ವಿಧಾನ ತಂದರು.

ದರ್ಜೆಯ ಚೀಟಿಗೆ ಹಣ ಕೊಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಈ ಹಾಲು ಕಲೆಯಿಂದಲೇ ಹುಟ್ಟಿದ್ದು. ಅಮೆರಿಕದಲ್ಲಿ 1986ರಿಂದ ಪಿಸಿಜಿಎಸ್, 1987ರಿಂದ ಎನ್‌ಜಿಸಿ ಎಂಬ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, 1ರಿಂದ 70ರವರೆಗೆ ಅಂಕ ಕೊಟ್ಟು, ಒಡೆಯದೆ ತೆರೆಯಲಾಗದ ಪ್ಲಾಸ್ಟಿಕ್ ಫಲಕದೊಳಗೆ ಮುಚ್ಚಿ ಕೊಡುತ್ತವೆ. ಈ ಅಳತೆಗೋಲು 1949ರಲ್ಲಿ ವಿಲಿಯಂ ಶೆಲ್ಡನ್ ರೂಪಿಸಿದ್ದು. 70 ಎಂದರೆ ಐದು ಪಟ್ಟು ಹಿಗ್ಗಿಸಿ ನೋಡಿದರೂ ಟಂಕಸಾಲೆ ಬಿಟ್ಟ ಮೇಲಿನ ಕುಂದು ಕಾಣದ ನಾಣ್ಯ. ಪ್ರತಿವರ್ಷ ಲಕ್ಷಗಟ್ಟಲೆ ಅಚ್ಚಾಗುವ ಈಗಲ್, ಮೇಪಲ್‌ಗಳಲ್ಲಿ 69 ಅಪರೂಪವೇನಲ್ಲ. 69ಕ್ಕೂ 70ಕ್ಕೂ ಬರಿಗಣ್ಣಿಗೆ ವ್ಯತ್ಯಾಸ ಕಾಣದು, ಬೆಲೆಯಲ್ಲಿ ಚೆನ್ನಾಗಿ ಕಾಣುತ್ತದೆ. 70 ಪಡೆದು ಫಲಕದೊಳಗೆ ಕೂತ ನಾಣ್ಯಕ್ಕೂ ಆಮೇಲೆ ಹಾಲು ಕಲೆ ಏಳಬಹುದು. ಚೀಟಿ ಮಾತ್ರ 70 ಎಂದೇ ಹೇಳುತ್ತಿರುತ್ತದೆ. ಹೀಗಾಗಿ ಈ ವರ್ಷದ ಗಟ್ಟಿ ಬೆಳ್ಳಿ ನಾಣ್ಯಕ್ಕೆ ಚೀಟಿ ದಂಡ ಎಂಬುದು ನನ್ನ ಅಭಿಪ್ರಾಯ. ಹಳೆಯ ನಾಣ್ಯದ ಮಾತು ಬೇರೆ. 1911ರ ಐದನೆಯ ಜಾರ್ಜ್ ರೂಪಾಯಿಯಲ್ಲಿ ರಾಜನ ಪದಕಮಾಲೆಯ ಆನೆ ಹಂದಿಯಂತೆ ಕಂಡು ಜನ ಕೆರಳಿ, ಸರ್ಕಾರ ಅದನ್ನು ಹಿಂತೆಗೆದುಕೊಂಡು ಬಹುಪಾಲು ಕರಗಿಸಿತು. ಅಂಥ ನಾಣ್ಯಕ್ಕೆ, ಅಥವಾ ಇಸವಿ ತಿದ್ದಿ ಮಾರುವವರ ಕಣ್ಣು ಬಿದ್ದಿರುವ 1939ರ ರೂಪಾಯಿಗೆ, ಅಸಲಿಯೆಂಬ ಚೀಟಿ ಇದ್ದರೆ ನಾನೂ ಹೆಚ್ಚು ಕೊಟ್ಟೇನು.

ಹೆಚ್ಚು ಕೊಡುವುದರ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬೇಕು. ಲೆಕ್ಕದ ಸುಲಭಕ್ಕೆ ಚಿನಿವಾರಪೇಟೆಯಲ್ಲಿ ಬೆಳ್ಳಿ ಕಿಲೋಗೆ ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಔನ್ಸಿನ ಬೆಳ್ಳಿಗೆ 3,110 ರೂಪಾಯಿ. ಅಂಗಡಿಯವರು ನಾಣ್ಯಕ್ಕೆ 3,900 ಹೇಳಿ, ಅದರ ಮೇಲೆ ನೂರಕ್ಕೆ ಮೂರರ ಜಿಎಸ್‌ಟಿ ಸೇರಿಸಿದರೆ ಕೈಬಿಡುವುದು 4,017. ಮಾರಲು ಹೋದ ದಿನ ಅಕ್ಕಸಾಲಿಗರು ನೋಡುವುದು ಬೆಳ್ಳಿಯನ್ನು ಮಾತ್ರ, ಎಲೆಯನ್ನೂ ಹದ್ದನ್ನೂ ಅಲ್ಲ. ಎಂದರೆ ಪೇಟೆಯ ಧಾರಣೆ ನೂರಕ್ಕೆ ಇಪ್ಪತ್ತೊಂಬತ್ತು ಏರಿದ ಮೇಲಷ್ಟೇ ಹಾಕಿದ ಹಣ ಹಿಂದೆ ಬರುತ್ತದೆ. ಬೆಳ್ಳಿ ಅಷ್ಟು ಏರಿದ್ದೂ ಉಂಟು, ಜಾರಿದ್ದೂ ಉಂಟು. 1980ರ ಜನವರಿಯಲ್ಲಿ ಔನ್ಸಿಗೆ 50 ಡಾಲರಿನ ಹತ್ತಿರ ಹೋಗಿ ಮಾರ್ಚ್‌ನಲ್ಲಿ ಕುಸಿಯಿತು, 2011ರ ಏಪ್ರಿಲ್‌ನಲ್ಲಿ ಮತ್ತೆ ಅಷ್ಟೇ ಎತ್ತರಕ್ಕೆ ಹೋಗಿ ಇಳಿಯಿತು, ಆ ಗಡಿಯನ್ನು ನಿಜವಾಗಿ ದಾಟಿದ್ದು 2025ರ ಅಕ್ಟೋಬರ್‌ನಲ್ಲಿ. ಬರೀ ಬೆಳ್ಳಿಯ ಏರಿಕೆಯ ಮೇಲೆ ಕಣ್ಣಿಟ್ಟವರು ಗಟ್ಟಿಯನ್ನೇ ಕೊಳ್ಳುವುದು ಲೇಸು. ನಾನು ನಾಣ್ಯ ಕೊಳ್ಳುವುದು ವರ್ಷಕ್ಕೆ ಎರಡೋ ಮೂರೋ, ನೋಡಿ ಸಂತೋಷಪಡಲು, ಆ ಸಂತೋಷಕ್ಕೆ ಎಂಟೊಂಬತ್ತು ನೂರು ಹೋಯಿತೆಂದೇ ಬರೆದುಕೊಳ್ಳುತ್ತೇನೆ.

ಮನೆಯಲ್ಲಿ ಈ ಹವ್ಯಾಸಕ್ಕೆ ಒದಗಿದ ದೊಡ್ಡ ಬಿಕ್ಕಟ್ಟು ದೀಪಾವಳಿಯ ಲಕ್ಷ್ಮೀಪೂಜೆಯದು. ಕಲಶದ ಮುಂದೆ ತಟ್ಟೆಯಲ್ಲಿ ಬೆಳ್ಳಿ ನಾಣ್ಯ ಇಟ್ಟು ಅರಿಶಿನ, ಕುಂಕುಮ ಏರಿಸುವುದು ನಮ್ಮ ಮನೆಯ ಪದ್ಧತಿ. ಒದ್ದೆ ಕುಂಕುಮ ಬಿದ್ದ ಶುದ್ಧ ಬೆಳ್ಳಿಯ ಮೇಲೆ ಏನು ಉಳಿಯುತ್ತದೆ ಎಂದು ನನಗೆ ಗೊತ್ತು. ಒಂದು ವರ್ಷ ಹೊಸ ಸಿಲ್ವರ್ ಈಗಲ್ಲನ್ನು ಅಕ್ರಿಲಿಕ್ ಡಬ್ಬಿಯ ಸಮೇತ ತಟ್ಟೆಯಲ್ಲಿಟ್ಟು, ಕುಂಕುಮವನ್ನು ಡಬ್ಬಿಯ ಮುಚ್ಚಳದ ಮೇಲೆ ಇಡಬಹುದಲ್ಲ ಎಂದೆ. ಅಮ್ಮ ನನ್ನನ್ನೇ ನೋಡಿದರು.

‘ಅಲ್ಲ ಕಣೋ, ಕುಂಕುಮ ಇಡೋದು ಲಕ್ಷ್ಮಿಗೋ, ಪ್ಲಾಸ್ಟಿಕ್ಕಿಗೋ?’

ಆ ವರ್ಷ ಡಬ್ಬಿಗೇ ಪೂಜೆ ನಡೆಯಿತು, ಅಮ್ಮನ ಮುಖ ಮಾತ್ರ ಎರಡು ದಿನ ಬಿಗಿದೇ ಇತ್ತು. ಮರುವರ್ಷ ನಾನು ಮಾತಾಡದೆ ಆ ಗೀರುಬಿದ್ದ ಮೇಪಲ್ಲನ್ನು ತಂದು ತಟ್ಟೆಯಲ್ಲಿಟ್ಟೆ. ಅದಕ್ಕೆ ಡಬ್ಬಿಯೂ ಇಲ್ಲ, ಬೆಲೆ ಹೋಗುವ ಭಯವೂ ಇಲ್ಲ. ಈಗ ಅದು ದೇವರ ಮನೆಯಲ್ಲೇ ಇರುತ್ತದೆ. ಶುಕ್ರವಾರ ಅಮ್ಮ ಅದನ್ನು ತೊಳೆದು, ಎಲೆಯ ಮುಖ ಕೆಳಗೆ ಮಾಡಿ, ಮೇಲಿರುವ ಎಲಿಜಬೆತ್ ರಾಣಿಯ ಹಣೆಗೆ ಕುಂಕುಮ ಇಡುತ್ತಾರೆ. ಇದು ನಿನ್ನ ಅಜ್ಜಿ ಡಬ್ಬಿಯ ರಾಣಿಯೇ ಅಲ್ಲವಾ ಎಂದು ಒಮ್ಮೆ ಕೇಳಿದರು. ಹೌದು ಎಂದೆ.